ಹೊಸ್ತಿಲಲ್ಲಿ ತೊಂಬತ್ತು ದಿನ

ಬಾಣಗೆರೆ ಜಂಕ್ಷನ್ನಿನ ಪ್ರೌಢಶಾಲೆಯಲ್ಲಿ ಗುಟ್ಟು ಮಾತಾಡಲು ಒಂದೇ ಒಂದು ಜಾಗ ಉಳಿದಿತ್ತು. ಅದು ಬಿಸಿಯೂಟದ ತಟ್ಟೆ ತೊಳೆಯುವ ನಲ್ಲಿಗಳ ಸಾಲು. ಮಧ್ಯಾಹ್ನ ಒಂದೂವರೆಗೆ ನಾನೂರು ಸ್ಟೀಲ್ ತಟ್ಟೆಗಳು ಸಿಮೆಂಟ್ ಕಟ್ಟೆಗೆ ಬಡಿಯುವಾಗ ಪಕ್ಕದವರು ಕೂಗಿದರೂ ಕೇಳುತ್ತಿರಲಿಲ್ಲ. ಹಾಗಿರುವಾಗ ಮೇಷ್ಟರ ಎದೆಯ ಮೇಲಿನ ಬಿಲ್ಲೆಗೆ ಏನು ಕೇಳೀತು? ಯಾರೂ ಹೇಳಿಕೊಡದೆ ಮಕ್ಕಳು ಇದನ್ನು ಕಲಿತಿದ್ದವು. ಮೇಷ್ಟರುಗಳು ಸ್ವಲ್ಪ ತಡವಾಗಿ ಕಲಿತರು.

ಆ ಬಿಲ್ಲೆಯ ಕತೆ ಮೊದಲು ಹೇಳಿಬಿಡುತ್ತೇನೆ. ಶಾಲೆಯಲ್ಲಿ ಒಂದು ಮಗು ಬಂದು, ನಾನು ಹುಡುಗಿಯಲ್ಲ ಹುಡುಗ, ಅಥವಾ ಹುಡುಗನಲ್ಲ ಹುಡುಗಿ, ನನ್ನನ್ನು ಬೇರೆ ಹೆಸರಿನಿಂದ ಕರೆಯಿರಿ ಎಂದರೆ, ಅದನ್ನು ಹೆತ್ತವರಿಗೆ ಹೇಳಬೇಕೋ ಬೇಡವೋ? ಈ ಒಂದು ಪ್ರಶ್ನೆಯ ಮೇಲೆ ನಾಡಿನಲ್ಲಿ ಹತ್ತು ವರ್ಷ ಜಗಳ ನಡೆಯಿತು. ಒಂದು ಊರಿನಲ್ಲಿ ಶಾಲೆಗೆಲ್ಲ ಗೊತ್ತಿದ್ದು ತಾಯಿಗೆ ಮಾತ್ರ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಮಗು ಊರು ಬಿಟ್ಟು ಹೋಗಿತ್ತು. ಇನ್ನೊಂದು ಊರಿನಲ್ಲಿ ಶಾಲೆಯವರು ಮನೆಗೆ ಹೇಳಿದ ಸಂಜೆಯೇ ಮಗುವಿನ ಕೈ ಮುರಿದಿತ್ತು. ಎರಡೂ ನಿಜ, ಎರಡಕ್ಕೂ ಅಳುವವರಿದ್ದರು. ಸರ್ಕಾರ ಯಾರನ್ನೂ ನೋಯಿಸಬಾರದೆಂದು ಒಂದೇ ದಿನ ಎರಡು ಕಾನೂನು ಮಾಡಿತು. ಹೇಳದಿದ್ದರೆ ಅಪರಾಧ ಎಂದು ಒಂದು. ಹೇಳಿ ಮಗುವಿಗೆ ಅಪಾಯವಾದರೆ ಅಪರಾಧ ಎಂದು ಇನ್ನೊಂದು.

ಎರಡರ ನಡುವೆ ದಾರಿ ಹುಡುಕಲು ಬಂದದ್ದು 'ಹೊಸ್ತಿಲು' ಎಂಬ ಯಂತ್ರ. ಮಕ್ಕಳ ಮುಂಗೈಗೆ ಪಟ್ಟಿ, ಮೇಷ್ಟರ ಎದೆಗೆ ಬಿಲ್ಲೆ, ಮನೆಯ ಗೋಡೆಗೆ ಒಂದು ಪೆಟ್ಟಿಗೆ. ಮೂರೂ ಕೇಳಿಸಿಕೊಳ್ಳುತ್ತವೆ; ಮನೆಯೊಳಗೆ ಪಟ್ಟಿ, ಬಿಲ್ಲೆ ಕೆಲಸ ಮಾಡುವುದು ಪೆಟ್ಟಿಗೆಯ ಮೂಲಕ ಮಾತ್ರ. ಮಗುವಿನ ವಿಷಯ ಯಾವ ದೊಡ್ಡವರಿಗೆ ತಿಳಿದರೂ ಇಪ್ಪತ್ನಾಲ್ಕು ಗಂಟೆಯೊಳಗೆ ದಾಖಲಿಸಬೇಕು. ಆಮೇಲೆ ಯಂತ್ರ ಆ ಮನೆಯನ್ನು ತೂಗಿ ಅಪಾಯ ನೂರಕ್ಕೆ ಎಷ್ಟೆಂದು ಒಂದು ಅಂಕ ಕೊಡುತ್ತದೆ. ಎಪ್ಪತ್ತಕ್ಕಿಂತ ಕಮ್ಮಿ ಬಂದರೆ 'ಮನೆಗೆ ತಿಳಿಸು'. ಹೆಚ್ಚು ಬಂದರೆ 'ರಕ್ಷಣೆಗೆ ಒಪ್ಪಿಸು'. ಎಂದರೆ ಮಗು ಮನೆಗೆ ಹೋಗುವ ಹಾಗಿಲ್ಲ, ಹದಿನಾಲ್ಕು ದಿನ ಜಿಲ್ಲಾ ರಕ್ಷಣಾಗೃಹದಲ್ಲಿರಬೇಕು. ಮೂರನೆಯ ಗುಂಡಿ ಇರಲಿಲ್ಲ.

ಇದರಿಂದ ಆದದ್ದಿಷ್ಟು: ಮಕ್ಕಳು ಹೇಳುವುದನ್ನು ಬಿಟ್ಟವು, ಮೇಷ್ಟರುಗಳು ಕೇಳುವುದನ್ನು ಬಿಟ್ಟರು. ಯಾವುದಾದರೂ ಮಗು ಹತ್ತಿರ ಬಂದು "ಮಿಸ್, ಒಂದು ವಿಷ್ಯ" ಎಂದು ಶುರುಮಾಡಿದರೆ ಸಾಕು, ಅಂಗೈ ಎತ್ತಿ "ಇರು, ಚಾಕ್ ತರ್ತೀನಿ" ಎಂದು ಹೊರಟುಬಿಡುವುದು ಅಲ್ಲಿನ ರೂಢಿಯಾಗಿತ್ತು. ಹಾಗೆ ಚಾಕ್ ತರಲು ಹೋದವರು ಯಾರೂ ಚಾಕ್ ತಂದದ್ದಿಲ್ಲ.

ಜೀವಶಾಸ್ತ್ರದ ಶಶಿರೇಖಾ ಈ ಶಾಲೆಯ ಹೊಸ್ತಿಲು ಅಧಿಕಾರಿ, ಎಂದರೆ ಆ ಗುಂಡಿ ಒತ್ತಬೇಕಾದವಳು. ಜೀವಶಾಸ್ತ್ರದವರಿಗೆ ಇಂಥವೆಲ್ಲ ಗೊತ್ತಿರುತ್ತದೆ ಎಂದು ಹೆಡ್‌ಮಾಸ್ಟರು ಆ ಕೆಲಸವನ್ನು ಅವಳ ಕೊರಳಿಗೆ ಕಟ್ಟಿದ್ದರು. ಮಂಗಳವಾರ ಮಧ್ಯಾಹ್ನ ಊಟಕ್ಕೆ ಎದ್ದಾಗ ಅವಳ ಮೇಜಿನ ಪರದೆಯಲ್ಲಿ ನೋಟಿಸು ಬಂತು. ಒಂಬತ್ತನೇ ತರಗತಿ ಬಿ ವಿಭಾಗದ ಇಂಚರಳ, ಸ್ಕ್ಯಾನ್ ಮಾಡಿ ಇಲಾಖೆಗೆ ಕಳಿಸಿದ ಪ್ರಾಕ್ಟಿಕಲ್ ಪುಸ್ತಕದಲ್ಲಿ, ಈರುಳ್ಳಿ ಸಿಪ್ಪೆಯ ಕೋಶಗಳ ಚಿತ್ರದ ಕೆಳಗೆ 'ಚಿತ್ರ: ಚರಣ್' ಎಂದು ಬರೆದಿದೆ. ಪುಟಕ್ಕೆ ಶಿಕ್ಷಕಿಯ ಸಹಿ ಬಿದ್ದು ಒಂಬತ್ತು ದಿನವಾಗಿದೆ. ಶಿಕ್ಷಕಿಗೆ ಒಂಬತ್ತು ದಿನದಿಂದ ವಿಷಯ ಗೊತ್ತಿದೆ, ಆದರೂ ದಾಖಲಿಸಿಲ್ಲ. ನಾಳೆ ಸಂಜೆ ಐದರೊಳಗೆ ಕಾರಣ ಕೊಡಿ. ಕೊಡದಿದ್ದರೆ ಕಡತ ತಾನಾಗಿ ಮುಂದುವರಿಯುತ್ತದೆ.

ಶಶಿರೇಖಾಗೆ ನಗು ಬಂತು, ಮರುಕ್ಷಣವೇ ಬೆವರು ಬಂತು. ಅವಳು ಆ ಪುಟವನ್ನು ಓದಿರಲೇ ಇಲ್ಲ. ನಲವತ್ತೈದು ಪುಸ್ತಕ ಮುಂದಿಟ್ಟುಕೊಂಡು, ಹಿಂದಿನ ಬೆಂಚಿನ ಗಲಾಟೆಯನ್ನು ಗದರುತ್ತ, ಕೆಂಪು ಪೆನ್ನಿನಿಂದ ಸಾಲಾಗಿ ಸಹಿ ಗೀಚುವುದು ಪ್ರತಿ ಮೇಷ್ಟರ ಕೈಗೂ ಅಂಟಿದ ಅಭ್ಯಾಸ. ಯಂತ್ರಕ್ಕೆ ಅದು ಗೊತ್ತಿಲ್ಲ. ಸಹಿ ಹಾಕಿದವರು ಓದಿರುತ್ತಾರೆ ಎಂದೇ ಅದು ನಂಬಿತ್ತು.

ಅವಳು ನೇರ ನಲ್ಲಿಗಳ ಬಳಿ ಹೋದಳು. ಇಂಚರ ಕೊನೆಯ ನಲ್ಲಿಯಲ್ಲಿ, ತೊಳೆದಾದ ತಟ್ಟೆಯನ್ನೇ ಮತ್ತೆ ತೊಳೆಯುತ್ತ ನಿಂತಿತ್ತು. ಈ ಕತೆಯಲ್ಲಿ ನಾನು ಆ ಮಗುವನ್ನು ಮಗು ಎಂದೇ ಕರೆಯುತ್ತೇನೆ. ಅದೇ ಇನ್ನೂ ತೀರ್ಮಾನ ಮಾಡಿಲ್ಲದಾಗ ನಾನು ಯಾರು?

"ಪುಸ್ತಕದಲ್ಲಿ ಯಾಕೆ ಬರೆದೆ ಮರಿ?" ಶಶಿರೇಖಾ ಬಗ್ಗಿ ಕೇಳಿದಳು.

"ಬರೆದು ನೋಡ್ಬೇಕು ಅನ್ನಿಸ್ತು ಮಿಸ್. ಬರೆದ್ರೆ ಹೆಂಗೆ ಕಾಣ್ತದೆ ಅಂತ. ನೀವು ಸೈನ್ ಹಾಕಿದ್ರಿ. ಓದೇ ಹಾಕಿದ್ದೀರ ಅನ್ಕೊಂಡೆ." ಮಗು ತಟ್ಟೆ ತಿರುಗಿಸಿತು. "ಒಂದು ವಾರ ತುಂಬ ಖುಷಿಯಾಗಿದ್ದೆ ಮಿಸ್."

ಶಶಿರೇಖಾಗೆ ಓದಲಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ.

"ಈಗ ನಿಂಗೆ ಏನು ಬೇಕು, ಅದನ್ನ ಹೇಳು."

"ಟೈಮು ಮಿಸ್. ನಂಗೇ ಇನ್ನೂ ಪೂರ್ತಿ ಗೊತ್ತಿಲ್ಲ. ಒಂದಿನ ಹೌದು ಅನ್ಸುತ್ತೆ, ಒಂದಿನ ಸುಮ್ನೆ ಏನೋ ಅನ್ಸುತ್ತೆ. ರಿಪೋರ್ಟ್ ಆಗ್ಬಿಟ್ರೆ ಮುಗೀತಲ್ಲ? ಆಮೇಲೆ ಎಲ್ರೂ ಕೇಳ್ತಾರೆ. ಹೌದು ಅನ್ಬೇಕು, ಇಲ್ಲಾಂದ್ರೆ ಅಲ್ಲ ಅನ್ಬೇಕು. ನೋಡೋಣ ಅನ್ನೋಕಾಗಲ್ಲ."

"ಅಪ್ಪಂಗೆ ಗೊತ್ತಾ?"

"ಇಲ್ಲ ಮಿಸ್. ಅಪ್ಪಂಗೆ ಏನೂ ಗೊತ್ತಿಲ್ಲ," ಎಂದಿತು ಮಗು, ಪ್ರಶ್ನೆ ಮುಗಿಯುವ ಮೊದಲೇ.

ಗಂಟೆ ಹೊಡೆಯಿತು. ತಟ್ಟೆಗಳ ಸದ್ದು ನಿಂತಿತು, ಅವರ ಮಾತೂ ನಿಂತಿತು.

ಅವತ್ತು ಸಂಜೆ ಮನೆಯಲ್ಲಿ ಶಶಿರೇಖಾ ದೋಸೆ ಹಿಟ್ಟಿಗೆ ಗ್ರೈಂಡರ್ ಹಾಕಿದಳು. ಗಂಡ ಯೋಗಾನಂದನಿಗೆ ಅರ್ಥವಾಯಿತು. ಗೋಡೆಯ ಪೆಟ್ಟಿಗೆಗೆ ಕೇಳಬಾರದ ಮಾತಿದ್ದಾಗಲೆಲ್ಲ ಆ ಮನೆಯಲ್ಲಿ ದೋಸೆ ಹಿಟ್ಟು ರುಬ್ಬುತ್ತಿದ್ದರು. ಆ ವರ್ಷ ಅವರು ಬಹಳ ದೋಸೆ ತಿಂದರು. ಅವನು ಪೋಸ್ಟಾಫೀಸಿನ ಚೀಲ ಮೂಲೆಗಿಟ್ಟು ಬಂದು ನಿಂತ. ಅವಳು ಹೆಸರು ಹೇಳದೆ ಎಲ್ಲವನ್ನೂ ಹೇಳಿದಳು.

"ಮನೆಗೆ ಹೇಳೋದೇ ಸರಿ ಕಣೆ," ಎಂದ ಅವನು. "ನಮ್ಮ ಮೇದಿನಿ ವಿಷಯ ಶಾಲೇಲಿ ಎಲ್ರಿಗೂ ಗೊತ್ತಿದ್ದು ನಮಗೆ ಮಾತ್ರ ಗೊತ್ತಿಲ್ಲ ಅಂದ್ರೆ ನೀನು ಸುಮ್ನಿರ್ತೀಯಾ?"

"ಇರಲ್ಲ."

"ಮತ್ತೆ?"

"ಮೇದಿನಿಗೇ ನಿಮ್ಮ ಹತ್ರ ಹೇಳೋಕೆ ಭಯ ಆದ್ರೆ?"

"ನನ್ನ ಕಂಡ್ರೆ ಅವಳಿಗೇನು ಭಯ?" ಎನ್ನುತ್ತ ಅವನು ಹಾಲ್‌ನಲ್ಲಿ ಕೂತಿದ್ದ ಮಗಳ ಕಡೆ ತಿರುಗಿದ. ಹದಿಮೂರು ವರ್ಷದ ಮೇದಿನಿ ಮುಂಗೈ ಪಟ್ಟಿಯನ್ನು ಸುಮ್ಮನೆ ತಿರುಗಿಸುತ್ತಿದ್ದಳು.

ಗ್ರೈಂಡರ್ ನಿಲ್ಲಿಸಿದ ಮೇಲೆ ಮೇದಿನಿ ಅಡುಗೆಮನೆ ಬಾಗಿಲಿಗೆ ಬಂದಳು. "ಅಮ್ಮಾ, ನಿಂಗೊಂದು ಹೇಳ್ಬೇಕು."

ಶಶಿರೇಖಾಳ ಅಂಗೈ ತಾನಾಗಿ ಮೇಲೆದ್ದಿತು. "ಇರು ಪುಟ್ಟಾ..." ಎಂದವಳು ಅಲ್ಲೇ ತಡೆದಳು. ತಡವಾಗಿತ್ತು. ಮೇದಿನಿ ಆ ಅಂಗೈಯನ್ನು ನೋಡಿ, "ಏನಿಲ್ಲ ಬಿಡು" ಎಂದು ಹೊರಟುಹೋದಳು. ಸ್ವಂತ ಮಗಳಿಗೇ ಹೀಗೆ ಮಾಡಿದೆನಲ್ಲ ಎಂದು ಶಶಿರೇಖಾಗೆ ತನ್ನ ಮೇಲೇ ಹೇಸಿಗೆಯಾಯಿತು.

ಬುಧವಾರ ಬೆಳಿಗ್ಗೆಯ ಪ್ಯಾಸೆಂಜರ್ ಹಿಡಿದು ಅವಳು ಜಿಲ್ಲಾ ಕೇಂದ್ರಕ್ಕೆ ಹೋದಳು. ಹೊಸ್ತಿಲಿನ ನಿಯಂತ್ರಣ ಕೊಠಡಿ ಹಳೆಯ ಡಿಡಿಪಿಐ ಕಚೇರಿಯ ಎರಡನೆಯ ಮಹಡಿಯಲ್ಲಿತ್ತು. ಗೋಡೆ ತುಂಬ ಪರದೆ, ಪರದೆಯಲ್ಲಿ ತಾಲ್ಲೂಕುವಾರು ಶಾಲೆಗಳು. ಅದನ್ನು ನೋಡಿಕೊಳ್ಳುವ ಫಣೀಂದ್ರ ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟ, ಚಹಾ ತರಿಸಿದ.

"ಎಂಬತ್ಮೂರು ಬಂದಿದೆ ಮೇಡಂ," ಎಂದ ಪರದೆ ತೋರಿಸಿ. "ಸಂಜೆ ಐದಕ್ಕೆ ರಕ್ಷಣಾಗೃಹದ ವ್ಯಾನು ಹೊರಡುತ್ತೆ."

"ಎಂಬತ್ಮೂರಾ? ಯಾವ ಆಧಾರದ ಮೇಲೆ?"

"ತಾಯಿ ತೀರಿಕೊಂಡಿದ್ದಾರೆ. ತಂದೆ ಕಲ್ಲೇಶ ಅಂತ, ರೈಲ್ವೆ ಪಾಯಿಂಟ್ಸ್‌ಮನ್, ಪಾಳಿ ಕೆಲಸ, ಕ್ವಾರ್ಟರ್ಸ್ ವಾಸ. ಮನೆ ಪೆಟ್ಟಿಗೆ ದಿನಾ ಊಟದ ಹೊತ್ತಿಗೆ ಒಂದು ಗಂಟೆ ಆಫ್ ಆಗುತ್ತೆ. ಮೌನದ ಮನೆ ಅಂತೀವಿ. ಮಾದರಿಗಳ ಜೊತೆ ಹೋಲಿಸಿದ್ರೆ ಅಪಾಯ ಜಾಸ್ತಿ."

"ಮಾದರಿ ಯಾರು ಮಾಡಿದ್ದು?"

"ನೀವೇ ಮಾಡಿದ್ದಲ್ವಾ ಮೇಡಂ, ಮೇಷ್ಟರುಗಳು? ಮೂರು ವರ್ಷದ ಹಿಂದೆ ತರಬೇತಿ ಅಂತ ಕರೆಸಿದ್ರಲ್ಲ."

ಅವಳಿಗೆ ನೆನಪಿತ್ತು. ನಾಲ್ಕು ಸಾವಿರ ಶಿಕ್ಷಕರಿಗೆ ಪರದೆಯಲ್ಲಿ ಒಂದೊಂದೇ ಮನೆಯ ವಿವರ ತೋರಿಸಿ, 'ಈ ಮನೆ ಮಗುವಿಗೆ ಸುರಕ್ಷಿತವೇ? ಹೌದು, ಇಲ್ಲ' ಎಂದು ಒತ್ತಿಸಿದ್ದರು. ಒಂದು ಮನೆಗೆ ಹನ್ನೆರಡು ಸೆಕೆಂಡು. ಆ ಉತ್ತರಗಳಿಂದಲೇ ಯಂತ್ರ ಮನೆಗಳನ್ನು ತೂಗಲು ಕಲಿತದ್ದು. ಫಣೀಂದ್ರ ಅತಿ ಹತ್ತಿರದ ಮಾದರಿಯನ್ನು ತೆರೆದ: ರೈಲ್ವೆ ಕ್ವಾರ್ಟರ್ಸ್, ತಾಯಿ ಇಲ್ಲ, ತಂದೆಗೆ ಪಾಳಿ. ಉತ್ತರ: ಇಲ್ಲ. ತೆಗೆದುಕೊಂಡ ಸಮಯ ಎರಡು ಸೆಕೆಂಡು. ಪಕ್ಕದಲ್ಲಿ ಉತ್ತರ ಕೊಟ್ಟವರ ಸಂಖ್ಯೆ.

ಅದು ಅವಳದೇ ಸಂಖ್ಯೆ. ಮಧ್ಯಾಹ್ನ ಒಂದಾಗಿತ್ತು, ಹಸಿವಾಗಿತ್ತು, ಗೆಳತಿಯರು ಬಾಗಿಲಲ್ಲಿ ಕರೆಯುತ್ತಿದ್ದರು. ಇಂಥಾ ಮನೆ ಅಂದರೆ ಕುಡಿತ ಇದ್ದೇ ಇರುತ್ತದೆ ಎಂದುಕೊಂಡು ಒತ್ತಿ ಎದ್ದಿದ್ದಳು. ಆ ಮನೆಯವನು ಯಾರೆಂದು ಅವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿರಲಿಲ್ಲ.

"ಸ್ವಲ್ಪ ಸಮಯ ಕೊಡೋಕಾಗಲ್ವಾ ಫಣೀಂದ್ರ? ಮಗು ಇನ್ನೂ ಯೋಚನೆ ಮಾಡ್ತಿದೆ."

"ಯೋಚನೆ ಮಾಡ್ತಿದೆ ಅನ್ನೋಕೆ ಇದರಲ್ಲಿ ಜಾಗ ಇಲ್ಲ ಮೇಡಂ. ಕೆಳಗಿನ ಗುಂಡಿ ಒತ್ತಿದ್ರೆ ತಂದೆಗೆ ಮೆಸೇಜ್ ಹೋಗುತ್ತೆ, ಪುಟದ ಫೋಟೋ ಸಮೇತ; ಆದ್ರೆ ಎಪ್ಪತ್ತು ದಾಟಿದ ಮನೆಗೆ ಆ ಗುಂಡಿ ಕೆಲಸ ಮಾಡಲ್ಲ. ಮೇಲಿನದು ಒತ್ತಿದ್ರೆ ವ್ಯಾನು. ಒತ್ತದೇ ಇದ್ರೂ ವ್ಯಾನೇ." ಅವನು ನಿಟ್ಟುಸಿರು ಬಿಟ್ಟ. "ಕಡತ ನಿಲ್ಲೋದು ಒಂದೇ ಸಂದರ್ಭದಲ್ಲಿ. ಹೊಸ್ತಿಲು ಅಧಿಕಾರಿ ಮೇಲೇ ವಿಚಾರಣೆ ಶುರುವಾದ್ರೆ ತೊಂಬತ್ತು ದಿನ ಯಾರೂ ಮುಟ್ಟೋ ಹಾಗಿಲ್ಲ. ಅದೊಂದು ನಮಗೆ ದೊಡ್ಡ ತಲೆನೋವು."

ಶಶಿರೇಖಾ ಚಹಾ ಅರ್ಧಕ್ಕೇ ಇಟ್ಟು ಎದ್ದಳು.

ಮರಳಿ ಬಾಣಗೆರೆಗೆ ಬಂದಿಳಿದಾಗ ಎರಡೂವರೆ. ಹಸಿರು ಬಾವುಟ ಕಂಕುಳಲ್ಲಿಟ್ಟುಕೊಂಡು ಒಬ್ಬ ತೆಳ್ಳನೆಯ ಮನುಷ್ಯ ಅವಳ ಬಳಿ ಬಂದ.

"ಮಿಸ್, ನಾನು ಇಂಚರನ ಅಪ್ಪ. ಒಂಚೂರು ಇಂಜಿನ್ ಪಕ್ಕಕ್ಕೆ ಬರ್ತೀರಾ? ಆ ಸದ್ದಿಗೆ ನಿಮ್ಮ ಬಿಲ್ಲೆಗೆ ಏನೂ ಕೇಳಂಗಿಲ್ಲ."

ಅವಳು ಹಿಂದೆ ಹೋದಳು. ಇಂಜಿನ್ನಿನ ಗಾಳಿಯಂತ್ರ ಕಿವಿಗಡಚಿಕ್ಕುವಂತೆ ಬಡಿದುಕೊಳ್ಳುತ್ತಿತ್ತು. ಕಲ್ಲೇಶ ಬಾವುಟವನ್ನು ಕೈಯಲ್ಲಿ ಸುತ್ತುತ್ತ ಬಿಚ್ಚುತ್ತ ನಿಂತ.

"ನಿನ್ನೆಯಿಂದ ಮಗು ಊಟ ಬಿಟ್ಟಿದೆ. ಆ ಹೆಸರಿನ ವಿಷ್ಯ ತಾನೆ ಮಿಸ್?"

ಶಶಿರೇಖಾ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಎರಡೂ ಅಪರಾಧ.

"ನೀವೇನೂ ಹೇಳ್ಬೇಡಿ, ನಾನೇ ಹೇಳ್ತೀನಿ. ನಂಗೆ ಆಯುಧಪೂಜೆಯಿಂದ ಗೊತ್ತು. ನಲ್ಲಿ ಜೋರಾಗಿ ಬಿಟ್ಕಂಡು ಸೈಕಲ್ ತೊಳೀತಾ ಹೇಳ್ತು. ಅಪ್ಪಾ, ನಂಗೆ ಹಿಂಗಿಂಗೆ ಅನ್ನಿಸ್ತದೆ, ಬೈತೀಯಾ ಅಂತು. ನಂಗೆ ತಲೆಬುಡ ಅರ್ಥ ಆಗ್ಲಿಲ್ಲ ಮಿಸ್, ಸುಳ್ಳು ಯಾಕೆ ಹೇಳ್ಲಿ. ಸರಿ, ನಿಧಾನ ನೋಡಣ, ಮೊದ್ಲು ಊಟ ಮಾಡು ಅಂದೆ. ಅವತ್ತಿಂದ ಊಟಕ್ಕೆ ಕೂತಾಗ ಆ ಪೆಟ್ಟಿಗೆ ಪ್ಲಗ್ ಕಿತ್ತಿಡ್ತೀನಿ. ಇಲ್ದಿದ್ರೆ ಮಗು ಬಾಯೇ ಬಿಡಲ್ಲ."

"ಅಪ್ಪಂಗೆ ಏನೂ ಗೊತ್ತಿಲ್ಲ ಅಂತ ನನ್ನ ಹತ್ರ ಹೇಳ್ತಲ್ಲ!"

"ಇನ್ನೇನು ಹೇಳ್ತದೆ? ಅಪ್ಪಂಗೆ ಗೊತ್ತು ಅಂದ್ರೆ, ಅಪ್ಪ ಯಾಕೆ ದಾಖಲೆ ಮಾಡಿಸ್ಲಿಲ್ಲ ಅಂತ ನನ್ನ ಹಿಡೀತಾರೆ. ಅದು ನನ್ನ ಉಳಿಸ್ತಿದೆ ಮಿಸ್, ನಾನು ಅದನ್ನ ಉಳಿಸ್ತಿದೀನಿ."

ಮಗು ತಂದೆಗೆ ಹೇಳಿಯೇ ಇತ್ತು. ಕಾನೂನು ಬಯಸಿದ್ದೂ ಅದನ್ನೇ. ಮಗು ಮಾತಾಡಲಿ ಎಂದು ಈ ಮನುಷ್ಯ ಪೆಟ್ಟಿಗೆ ಆರಿಸಿದ್ದನ್ನೇ ಯಂತ್ರ ಮೌನ ಎಂದು ಬರೆದುಕೊಂಡಿತ್ತು. ಈಗ ನಿಜ ಹೇಳಿದರೆ ತಂದೆ ಸಿಕ್ಕಿಬೀಳುತ್ತಾನೆ, ಹೇಳದಿದ್ದರೆ ವ್ಯಾನು ಬರುತ್ತದೆ.

"ಐದು ಗಂಟೆಗೆ ವ್ಯಾನು ಬರುತ್ತೆ," ಎಂದಳು. ಅವಳು ತಿಳಿದೂ ತಿಳಿದೂ ಕಾನೂನು ಮುರಿದ ಮೊದಲ ಮಾತು ಅದು. "ನನಗೆ ಯಾವ ದಾರೀನೂ ಕಾಣ್ತಿಲ್ಲ. ಎಲ್ಲಾ ಕಡೆ ಕೆಂಪು."

ಕಲ್ಲೇಶ ಬಾವುಟ ಸುತ್ತುವುದನ್ನು ನಿಲ್ಲಿಸಿದ.

"ನಮ್ಮಲ್ಲಿ ಸಿಗ್ನಲ್ ಕೆಟ್ಟು ಕೆಂಪಲ್ಲೇ ನಿಂತ್ರೆ ಗಾಡಿ ಅಲ್ಲೇ ಇರಾಕಾಗಲ್ಲ ಮಿಸ್. ಸ್ಟೇಷನ್ ಮಾಸ್ಟ್ರು ಒಂದು ಚೀಟಿ ಬರೀತಾರೆ. ಕೆಂಪು ದಾಟಿ ಹೋಗು, ನಿಧಾನ ಹೋಗು ಅಂತ. ಕೆಳಗೆ ಅವರ ಸೈನು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮೆಷಿನ್ನನ್ನ ಯಾರೂ ಕೇಳಲ್ಲ, ಸೈನ್ ಮಾಡಿದೋರ್ನ ಕೇಳ್ತಾರೆ. ನಾನು ಆ ಚೀಟಿ ಹಿಡ್ಕಂಡು ಓಡೋಗಿ ಡ್ರೈವರ್ ಕೈಗೆ ಕೊಡ್ತೀನಿ." ಅವನು ಅವಳ ಮುಖ ನೋಡಿದ. "ನಿಮ್ಮಲ್ಲಿ ಅಂಥಾ ಚೀಟಿ ಇಲ್ವಾ?"

ಇಂಜಿನ್ನು ಕೂಗಿತು, ಅವನು ಬಾವುಟ ಬಿಚ್ಚಿಕೊಂಡು ಓಡಿದ.

ನಾಲ್ಕೂಕಾಲಿಗೆ ಶಶಿರೇಖಾ ಸ್ಟಾಫ್ ರೂಮಿನಲ್ಲಿ ಒಂದು ಬಿಳಿ ಹಾಳೆ ತೆಗೆದುಕೊಂಡಳು. 'ಒಂಬತ್ತನೇ ಬಿ ವಿಭಾಗದ ಪ್ರಾಕ್ಟಿಕಲ್ ಪುಸ್ತಕದ ಪುಟವನ್ನು ನಾನು ಓದಿಯೇ ಸಹಿ ಮಾಡಿದ್ದೇನೆ. ವಿಷಯ ನನಗೆ ಗೊತ್ತಿತ್ತು. ಬೇಕೆಂದೇ ದಾಖಲಿಸಲಿಲ್ಲ. ನನ್ನ ಹೊರತು ಬೇರೆ ಯಾರಿಗೂ ಗೊತ್ತಿಲ್ಲ.' ಇಪ್ಪತ್ತಾರು ವರ್ಷ ಓದದೆ ಸಹಿ ಹಾಕಿದವಳು ಇದನ್ನು ಮೂರು ಸಲ ಓದಿ ಸಹಿ ಹಾಕಿದಳು. ಅದರಲ್ಲಿ ಒಂದು ಸಾಲೂ ನಿಜವಿರಲಿಲ್ಲ. ಹೆಡ್‌ಮಾಸ್ಟರು ಓದಿ ತಲೆಯ ಮೇಲೆ ಕೈ ಹೊತ್ತರು.

"ಏನಮ್ಮಾ ಇದು? ನೋಡ್ದೆ ಸಹಿ ಮಾಡ್ದೆ ಅಂತ ಬರೀರಿ, ಒಂದು ಎಚ್ಚರಿಕೆ ಪತ್ರದಲ್ಲಿ ಮುಗಿಯುತ್ತೆ."

"ಹಾಗಂದ್ರೆ ವ್ಯಾನು ಬರುತ್ತೆ ಸಾರ್. ಇದನ್ನ ಕಳಿಸಿ."

ಐದಕ್ಕೆ ಹತ್ತು ನಿಮಿಷವಿದ್ದಾಗ ಪರದೆಯಲ್ಲಿ ಉತ್ತರ ಬಂತು: ಅಧಿಕಾರಿ ಅಮಾನತು. ವಿಚಾರಣೆ ಆರಂಭ. ಕಡತಕ್ಕೆ ತೊಂಬತ್ತು ದಿನ ತಡೆ. ಶಶಿರೇಖಾ ಎದೆಯ ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟಳು. ಗೇಟಿನ ಬಳಿ ಇಂಚರ ಸೈಕಲ್ ಹಿಡಿದು ನಿಂತಿತ್ತು. ಮಾತಾಡುವ ಹಾಗಿರಲಿಲ್ಲ, ಮುಂಗೈಯಲ್ಲಿ ಪಟ್ಟಿಯಿತ್ತು. ಅವಳು ಹತ್ತಿರ ಹೋಗಿ ಮಗುವಿನ ತಲೆ ಸವರಿದಳು. ಮಗು ಅಳುತ್ತ ಸೈಕಲ್ ಬೆಲ್ ಹೊಡೆಯಿತು, ಹೊಡೆಯುತ್ತಲೇ ಇತ್ತು. ಆ ಸದ್ದಿನೊಳಗೆ ಅವಳು ಬಗ್ಗಿ, "ನಿಧಾನ ಹೋಗು ಚರಣ್," ಎಂದಳು. ಬೆಲ್ ನಿಂತಿತು. ಮಗುವಿನ ಮುಖ ಅರಳಿದ್ದನ್ನು ನೋಡಿ ಅವಳು ಬೇಗ ಬೇಗ ನಡೆದುಬಿಟ್ಟಳು.

ಅವತ್ತು ಮನೆಯಲ್ಲಿ ಊಟಕ್ಕೆ ಕೂರುವ ಮೊದಲು ಶಶಿರೇಖಾ ಗೋಡೆಯ ಪೆಟ್ಟಿಗೆಯ ಪ್ಲಗ್ ಕಿತ್ತಿಟ್ಟಳು. ಯೋಗಾನಂದ ಕಣ್ಣು ಬಿಟ್ಟ, ಆದರೆ ತಡೆಯಲಿಲ್ಲ. "ಹೇಳು ಪುಟ್ಟಾ," ಎಂದಳು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ನಿನ್ನೆ ಏನೋ ಹೇಳ್ಬೇಕು ಅಂದ್ಯಲ್ಲ." ಮೇದಿನಿ ಮೊದಲು ತಟ್ಟೆಯಲ್ಲಿ ಬೆರಳಾಡಿಸಿದಳು, ಆಮೇಲೆ ಶುರುಮಾಡಿದಳು, ಅನ್ನ ಆರಿ ಹೋಗುವ ತನಕ ಮಾತಾಡಿದಳು. ಏನು ಹೇಳಿದಳೆಂದು ನಾನು ಬರೆಯುವುದಿಲ್ಲ. ಬರೆದರೆ ಅದೂ ಒಂದು ದಾಖಲೆಯಾಗುತ್ತದೆ. ಆಮೇಲೆ ದಿನವೂ ಊಟದ ಹೊತ್ತಿಗೆ ಆ ಮನೆಯ ಪ್ಲಗ್ ನೆಲದ ಮೇಲಿರುತ್ತಿತ್ತು, ಗ್ರೈಂಡರಿಗೆ ಬಿಡುವು ಸಿಕ್ಕಿತು.

ವಿಚಾರಣೆ ಮುಗಿಯುವವರೆಗೆ ಅಮಾನತಾದವರು ಮನೆಯಲ್ಲಿ ಕೂರಬಾರದೆಂದು ನಿಯಮ. ಅವಳನ್ನು ಜಿಲ್ಲಾ ಕೇಂದ್ರದ ಮಾದರಿ ಕೊಠಡಿಗೆ ಹಾಕಿದರು. ಯಂತ್ರಕ್ಕೆ ದಿನವೂ ಹೊಸ ಮನೆಗಳನ್ನು ಕಲಿಸಬೇಕು. ಹತ್ತರಿಂದ ಐದು, ಕಿಟಕಿಯಿಲ್ಲದ ಕೋಣೆ, ಮೂವತ್ತು ಮೇಜು. ಒಂದು ಮನೆಗೆ ಹನ್ನೆರಡು ಸೆಕೆಂಡು, ಹೌದು ಅಥವಾ ಇಲ್ಲ. ಹನ್ನೆರಡು ಸೆಕೆಂಡಿನಲ್ಲಿ ಒತ್ತದಿದ್ದರೆ ಆ ಮನೆ ಪಕ್ಕದ ಮೇಜಿಗೆ ಜಾರುತ್ತದೆ. ಶಶಿರೇಖಾ ಪ್ರತಿ ವಿವರವನ್ನೂ ಕೊನೆಯ ಅಕ್ಷರದವರೆಗೆ ಓದುತ್ತಿದ್ದಳು. ಓದಿ ಮುಗಿಸುವುದರೊಳಗೆ ಮುಕ್ಕಾಲು ಪಾಲು ಮನೆಗಳು ಜಾರಿಹೋಗುತ್ತಿದ್ದವು. ಪಕ್ಕದ ಮೇಜಿನ ಹೊಸ ಶಿಕ್ಷಕಿ ಅಂಬುಜ ಚುರುಕಿನ ಹುಡುಗಿ, ಬಂದದ್ದನ್ನೆಲ್ಲ ಪಟಪಟ ಮುಗಿಸುತ್ತಿದ್ದಳು.

ನಲವತ್ತೊಂದನೆಯ ದಿನ, ಊಟಕ್ಕೆ ಐದು ನಿಮಿಷವಿದ್ದಾಗ ಪರದೆಯಲ್ಲಿ ಒಂದು ಮನೆ ಬಂತು.

ತಾಯಿ ಪ್ರೌಢಶಾಲಾ ಶಿಕ್ಷಕಿ, ವಿಷಯ ಮುಚ್ಚಿಟ್ಟ ಆರೋಪದಲ್ಲಿ ವಿಚಾರಣೆ. ತಂದೆ ಅಂಚೆ ಇಲಾಖೆ. ಮಗು ಒಂದು, ವಯಸ್ಸು ಹದಿಮೂರು. ಮನೆ ಪೆಟ್ಟಿಗೆ ನಲವತ್ತು ದಿನದಿಂದ ಊಟದ ಹೊತ್ತಿಗೆ ಮೌನ. ಈ ಮನೆ ಮಗುವಿಗೆ ಸುರಕ್ಷಿತವೇ?

ಶಶಿರೇಖಾ ಕೊನೆಯ ಅಕ್ಷರದವರೆಗೆ ಓದಿದಳು, ಮತ್ತೆ ಮೊದಲಿಂದ ಓದಿದಳು. ಹೌದು ಎಂದು ಒತ್ತಲು ಬೆರಳು ಹೋಯಿತು. ಅದರ ಪಕ್ಕದಲ್ಲೇ ಸಣ್ಣಗೆ ಬರೆದಿತ್ತು: ಸ್ವಂತ ಮನೆಗೆ ಉತ್ತರಿಸಿದರೆ ಅಪಾಯ ಎಂದೇ ಪರಿಗಣಿಸಲಾಗುವುದು. ಬೆರಳು ಅಲ್ಲೇ ನಿಂತಿತು. ಸೆಕೆಂಡುಗಳು ಇಳಿದವು. ಮೇದಿನಿ ನಿನ್ನೆ ರಾತ್ರಿ ಊಟದಲ್ಲಿ ನಕ್ಕದ್ದು ಅವಳಿಗೆ ನೆನಪಾಯಿತು.

ಪರದೆ ಖಾಲಿಯಾಯಿತು.

ಪಕ್ಕದಲ್ಲಿ ಅಂಬುಜ ಒಂದು ಕೈಯಲ್ಲಿ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ಇನ್ನೊಂದು ಕೈಯಿಂದ ಗುಂಡಿ ಒತ್ತಿ ಎದ್ದಳು.

"ಅಂಬುಜಾ," ಶಶಿರೇಖಾ ಅವಳ ತೋಳು ಹಿಡಿದಳು. "ಈಗ ಏನು ಒತ್ತಿದೆ?"

"ಯಾವುದು ಮೇಡಂ?"

"ಈಗ ಬಂದಿದ್ದು. ಕೊನೇದು."

"ಅಯ್ಯೋ, ನೋಡ್ಲಿಲ್ಲ ಮೇಡಂ," ಎಂದು ನಕ್ಕಳು ಅಂಬುಜ. "ಬನ್ನಿ, ಊಟ ಮಾಡಣ."